ಅರ್ಕಾವತ್ತು

ಹತ್ತೂ ಇಪ್ಪತ್ತಕ್ಕೆ ಬಂದ ಈ ಮೇಲ್
ಹನ್ನೊಂದು ಸಲ ಫಾರ್ವರ್ಡ್ ಆಗಿದೆ.
ಮೇಲೆ ನಮ್ಮ ಸೂಪರಿಂಟೆಂಡೆಂಟರದು ಒಂದೇ ಸಾಲು,
'ಸೂಕ್ತ ಕ್ರಮಕ್ಕಾಗಿ'.
ಕೆಳಗೆ ಹೆಸರು, ಹುದ್ದೆ, ನೀಲಿ ಲಾಂಛನ,
ಕಾಗದ ಉಳಿಸಿ ಎಂದು ಬೇಡುವ ಪುಟ್ಟ ಹಸಿರು ಮರ.
ಅದರ ಕೆಳಗೆ ಇನ್ನೊಬ್ಬರ 'ಸೂಕ್ತ ಕ್ರಮಕ್ಕಾಗಿ',
ಇನ್ನೊಂದು ಮರ.

ಹನ್ನೊಂದು ಮರ ದಾಟಿ ಇಳಿದೆ.
ಮೇಜಿಗೊಂದು ಬಾಣದ ಗುರುತು ಬಿದ್ದು ಬಿದ್ದು
ಸಾಲುಗಳು ಬಲಕ್ಕೆ ಜರುಗಿವೆ,
ಒಳಗೆ ಹೋಗಿ, ಒಳಗೆ ಹೋಗಿ ಅಂತ ಕಂಡಕ್ಟರು
ಒತ್ತಿದ ಕುವೆಂಪುನಗರದ ಬಸ್ಸಿನ ಹಾಗೆ.
ಕೊನೆಕೊನೆಗೆ
ಸಾಲಿಗೊಂದು
ಪದ
ನಿಲ್ಲುವಷ್ಟೇ ಜಾಗ.

ತಳದಲ್ಲಿದ್ದಳು ಹುಡುಗಿ.
ಊರು ಗಂಜಾಂ, ಬಿ.ಕಾಂ. ಕೊನೆಯ ವರ್ಷ.
'ಮಾನ್ಯರೇ,
ಅಂಕಪಟ್ಟಿಯಲ್ಲಿ ನನ್ನ ಹೆಸರು ತಪ್ಪಾಗಿದೆ.
ನನ್ನ ಹೆಸರು □□□□ ಅಲ್ಲ,
□□□□□.
ದಯವಿಟ್ಟು ಸರಿಪಡಿಸಿ.'

ನಗಬಾರದಿತ್ತು, ನಕ್ಕೆ.
ಪಕ್ಕದ ಮೇಜಿನ ಪುಟ್ಟಬಸಮ್ಮಣ್ಣಿಯವರೂ ಇಣುಕಿ ನಕ್ಕರು.
ಆಮೇಲೆ ಇಬ್ಬರೂ ಸುಮ್ಮನಾದೆವು.

ಕೆಳಗೆ ಮೊಬೈಲ್ ನಂಬರಿತ್ತು.
ಅಂಕಿಗಳಿಗೆ ಏನೂ ಆಗುವುದಿಲ್ಲ,
ಯಾವ ಮೇಜಿನಲ್ಲೂ.
'ಫರ್ಹೀನ್, ಮೇಡಂ. ಫಹೀನ್ ಅಂತ ಮಾಡಿದಾರೆ.
ಒಂದೇ ಒಂದು ಅರ್ಕಾವತ್ತು ಬಿಟ್ಟೋಗಿದೆ.
ಎದ್ದು ಕಾಣಲಿ ಅಂತ ಹೆಸರು ಮಾತ್ರ
ಬೇರೆ ಅಕ್ಷರದಲ್ಲಿ, ದಪ್ಪಗೆ, ಕೆಂಪಗೆ ಹಾಕಿದ್ದೆ.
ಕಾಣ್ತಾ ಇದೆಯಾ?'

ಕಾಣ್ತಾ ಇದೆಯಮ್ಮ, ಅಂದೆ.

ನಮ್ಮಪ್ಪ ಸಂತೇಪೇಟೆಯ ಪ್ರೆಸ್ಸಿನಲ್ಲಿ
ಮೂವತ್ತು ವರ್ಷ ಮೊಳೆ ಜೋಡಿಸಿದವನು.
ಅರ್ಕಾವತ್ತಿಗೆ ಬೇರೆಯದೇ ಸಣ್ಣ ಖಾನೆ;
ಸಾಲದೆ ಬಂದರೆ ಒಂಬತ್ತರ ಅಂಕಿಯನ್ನೇ
ತಂದು ಕೂರಿಸುತ್ತಿದ್ದ, ಯಾರಿಗೂ ಗೊತ್ತಾಗುತ್ತಿರಲಿಲ್ಲ.
'ಬಾಯಲ್ಲಿ ಮೊದಲು ಬರ್ತದೆ,
ಸಾಲಲ್ಲಿ ಹಿಂದೆ ಕೂರ್ತದೆ,
ಅದಕ್ಕೇ ಎಲ್ಲರೂ ಮರೀತಾರೆ' ಅನ್ನುತ್ತಿದ್ದ.
ಮರೆತದ್ದು ಒಮ್ಮೆ ಅವನೇ.
ನಂಜನಗೂಡಿನ ಮದುಮಗ ಇನ್ನೂರು ಕಾರ್ಡಿನಲ್ಲಿ
ಸೂಯನಾರಾಯಣನಾಗಿ ಛತ್ರ ಸೇರಿದ.
ದುಡ್ಡು ಅಪ್ಪನ ಸಂಬಳದಲ್ಲಿ ಮುರಿಯಿತು,
ಮೊಳೆ ಮಾತ್ರ ಸಿಕ್ಕಿದ್ದು ರಾತ್ರಿ,
ಅವನ ಪಂಚೆಯ ಮಡಿಕೆಯಲ್ಲಿ.

ಈಗ ನಮ್ಮ ಕೆಲಸವೇ ಹಾಗೆ:
ಮೊದಲು ಹೇಳಿದವಳು ಕೊನೆಗೆ,
ಕೊನೆಗೆ ಬಂದವರು ತಲೆಯ ಮೇಲೆ.

ಸುತ್ತೋಲೆಯ ಪ್ರಕಾರ ಉತ್ತರ ಮೇಲೆಯೇ ಇರತಕ್ಕದ್ದು,
ಹಿಂದಿನದನ್ನು ಅಳಿಸತಕ್ಕದ್ದಲ್ಲ.
ಅಳಿಸಿದೆ.
ಹನ್ನೊಂದು ಮರ, ಲಾಂಛನ,
'ಇದು ಗೌಪ್ಯ' ಎನ್ನುವ ಇಂಗ್ಲಿಷ್ ಪ್ಯಾರಾ,
ನನ್ನದೇ ಅಂಕಿತ ಕೂಡ.
ಬಾಣಗಳನ್ನು ಒಂದೊಂದೇ ಕಿತ್ತಾಗ
ಅವಳ ಸಾಲು ಎಡದ ಅಂಚಿಗೆ ಬಂದು
ಮೈ ಚಾಚಿ ನಿಂತಿತು.
ಸೆಟ್ಟಿಂಗಿನಲ್ಲಿ ಹುಡುಕಿ ಬರೀ ಪಠ್ಯ ಎಂದು ಗುರುತು ಹಾಕಿದೆ,
ದಪ್ಪ ಇಲ್ಲ, ಕೆಂಪು ಇಲ್ಲ,
ದಾರಿಯಲ್ಲಿ ಕಳಚಿ ಬೀಳುವಂಥದ್ದು ಯಾವುದೂ ಇಲ್ಲ.
ಚೌಕಗಳ ಜಾಗದಲ್ಲಿ ಫಹೀನ್, ಫರ್ಹೀನ್,
ಅವಳ ಮಾತಿನ ಕೆಳಗೆ ನನ್ನ ಮಾತು:
'ಮೇಲಿನವರು ಹೇಳಿದ್ದು ಸರಿ.'
(ಮೇಲಿನವರು ಅಂದರೆ ಅವಳು.)

ಮೊದಲು ನನಗೇ ಕಳಿಸಿಕೊಂಡೆ.
ಫೋನಿನಲ್ಲೂ ನೆಟ್ಟಗೆ ಬಂತು.
ಆದರೂ ಎರಡನೇ ಮಹಡಿಯ ಕಂಪ್ಯೂಟರು
ನನ್ನ ವಯಸ್ಸಿನದು, ನಂಬುವಂತಿಲ್ಲ.
ಹಸಿರು ಮರ ಕ್ಷಮಿಸಲಿ,
ಒಂದು ಪ್ರತಿ ತೆಗೆದೆ.

ಊಟದ ಬೆಲ್ಲು, ಮೆಟ್ಟಿಲ ತುಂಬ ಜನ,
ಇಳಿಯುವ ಭುಜಗಳು, ಟಿಫಿನ್ ಡಬ್ಬಿಗಳು.
ಹತ್ತುತ್ತಿದ್ದವಳು ನಾನೊಬ್ಬಳೇ,
ಇನ್ನೂ ಬಿಸಿಯಿದ್ದ ಹಾಳೆಯಲ್ಲಿ
ಆ ಒಂಬತ್ತರಂಥದ್ದರ ಮೇಲೆ
ಹೆಬ್ಬೆರಳಿಟ್ಟುಕೊಂಡು.